ಕುಸುಬಿ ಎಣ್ಣೆ ಕುಡಿದ ಮೀಟರು

ಸವದತ್ತಿಯಲ್ಲಿರುವ ನನ್ನ ತಂಗಿ ಫೋನು ಮಾಡಿದಾಗಲೆಲ್ಲ ಒಂದೇ ರಾಗ ಎಳೆಯುತ್ತಿದ್ದಳು. "ಅಕ್ಕಾ, ಮಾಮಾ ಹೋಗಿ ವರ್ಷ ಆತು. ಆ ಗಾಡಿ ಅಂಗಳದಾಗ ನಿಂತು ಇಲಿ ಸಾಕಾಕ ಹತ್ತೇತಿ. ಕಿತ್ತೂರಾಗ ಮದುವಿಗೆ ಹಳೀ ಕಾರ್ ಬಾಡಿಗಿ ಕೊಡೋರು ಒಬ್ರು ಅದಾರ, ಅವರ ಬಂದು ಒಯ್ತಾರ. ಕೊಟ್ಟ ಬಿಡು."

ನನಗೆ ಮೈಯೆಲ್ಲ ಉರಿಯುತ್ತಿತ್ತು. ಗಾಡಿ ನನ್ನದು. ಬೈಲಹೊಂಗಲದ ಹೆಂಗಸರು ಸ್ಕೂಟಿ ಹತ್ತುವುದಕ್ಕೆ ಮೊದಲೇ ನಾನು ಈ ಪದ್ಮಿನಿ ಕಾರನ್ನು ಬಜಾರದ ನಡುವೆ ಓಡಿಸಿದವಳು. ಅಪ್ಪನ ಗ್ಯಾರೇಜಿನಲ್ಲಿ ನಟ್ಟು ಬಿಚ್ಚುವ ಪಾನಾ ಹಿಡಿದು ಬೆಳೆದವಳು. ತಂಗಿ ಮಾಮಾ ಎನ್ನುತ್ತಿದ್ದ ನನ್ನ ಗಂಡನಿಗೆ ಗಾಡಿಯ ಗಂಧವೂ ಇರಲಿಲ್ಲ. ಅವರು ಗಣಿತದ ಮಾಸ್ತರರು, ಸಾಲಿ ಬಿಟ್ಟರೆ ಅಡುಗೆಮನೆ. ನಮ್ಮ ಮನೆಯಲ್ಲಿ ಒಲೆ ಅವರದು, ಸ್ಟೀರಿಂಗು ನನ್ನದು.

ಆದರೂ ತಂಗಿಗೆ ಎದುರು ಮಾತಾಡಲು ಬಾಯಿ ಬರುತ್ತಿರಲಿಲ್ಲ. ಅವರು ಹೋದಮೇಲೆ ಒಂದು ಸಲವೂ ನಾನು ಗಾಡಿ ಹೊರಗೆ ತೆಗೆದಿರಲಿಲ್ಲ. ಕಾರಣ ಹೇಳಿದರೆ ಜನ ನಕ್ಕಾರು. ಆ ಗಾಡಿಯ ಮೀಟರು ಕೆಟ್ಟು ಎಷ್ಟೋ ವರ್ಷವಾಗಿತ್ತು, ಮತ್ತು ಅಲ್ಲಿಂದ ಇಲ್ಲಿಯತನಕ ನನ್ನ ಮೀಟರು ನನ್ನ ಗಂಡನೇ ಆಗಿದ್ದರು.

ಅದು ಹೀಗಾಯಿತು. ಥಂಡಿ ಬಿತ್ತೆಂದರೆ ಆ ಸ್ಪೀಡೋಮೀಟರು ಕಿರ್ ಕಿರ್ ಎಂದು ಒಂದೇ ಸಮನೆ ಕಿರುಚುತ್ತಿತ್ತು. ಒಂದು ವರ್ಷ ಕಿರುಚುವುದು ತಾನಾಗಿಯೇ ನಿಂತಿತು. ಕೆಲವು ತಿಂಗಳಲ್ಲಿ ಮುಳ್ಳೂ ನಿಂತಿತು. ಒಳಗೆ ಏನೋ ಹಿಡಿದುಕೊಂಡಿದೆ, ಹಾಗೇ ಓಡಿಸಿದರೆ ಕೇಬಲ್ ಹರಿಯುತ್ತದೆ ಎಂದು ಕೇಬಲ್ ಬಿಚ್ಚಿಟ್ಟೆ. ಆದಿತ್ಯವಾರ ಮೀಟರು ಬಿಚ್ಚಿ ನೋಡುತ್ತೇನೆ ಅಂದಾಗ ಅವರು ಎರಡೂ ಕೈ ಅಡ್ಡ ಮಾಡಿದರು. "ಬ್ಯಾಡ ಬ್ಯಾಡ. ಕೆಟ್ಟಿದ್ದನ್ನ ಮತ್ತ ಯಾಕ ಕೆಡಸ್ತಿ? ನಾ ಇದ್ದೇನಲ್ಲ, ನಾ ಹೇಳ್ತೇನಿ."

ಹೇಳಿದರು ಕೂಡ. ಕಿಡಕಿಯಿಂದ ಲೈಟಿನ ಕಂಬಗಳನ್ನು ನೋಡುತ್ತ, ಕರಿಹಲಗೆಯ ಮುಂದೆ ನಿಂತವರ ಧಾಟಿಯಲ್ಲಿ, "ನಲವತ್ತು... ಐವತ್ತು... ಏ, ಅರವತ್ತಾತು, ಸಾವಕಾಶ!" ನಾನು ಕಾಲು ಎತ್ತುತ್ತಿದ್ದೆ. ನಡುನಡುವೆ ಅವರ ಮಾತು. ಬದನೆಕಾಯಿ ಎಣಗಾಯಿಗೆ ಗುರೆಳ್ಳು ಎಷ್ಟು ಹುರಿಯಬೇಕು ಎಂಬಲ್ಲಿಂದ ಹೆಡ್ ಮಾಸ್ತರರ ಟೋಪಿಯತನಕ. ಬಸ್ಸು, ಕಬ್ಬಿನ ಟ್ರ್ಯಾಕ್ಟರು ಎಲ್ಲವೂ ನಮ್ಮನ್ನು ದಾಟಿ ಹೋಗುತ್ತಿದ್ದವು. ಇದೇನ್ರಿ ಹಿಂಗ ಎಂದು ಕೇಳಿದರೆ, "ಅವರಿಗೆ ಏನೋ ಅವಸರ ಐತಿ, ಹೋಗ್ಲಿ ಬಿಡು" ಅನ್ನುತ್ತಿದ್ದರು. ಗಣಿತದ ಮಾಸ್ತರರ ಲೆಕ್ಕ, ನಾನು ನಂಬಿಕೊಂಡಿದ್ದೆ.

ಕೊನೆಗೆ ತಂಗಿಗೆ ಹೇಳಿಯೇಬಿಟ್ಟೆ. "ಮೀಟರ್ ರಿಪೇರಿ ಮಾಡ್ತೇನಿ. ನಾ ಒಬ್ಬಾಕಿನ ಸವದತ್ತಿತನಕ ಹೊಡಕೊಂಡ ಬಂದ್ರ ಗಾಡಿ ನನ್ನ ಹಂತೇಕನ ಇರತೈತಿ. ಆಗಲಿಲ್ಲಂದ್ರ ನಿನ್ನ ಕಿತ್ತೂರಿನವರು ಒಯ್ಲಿ."

ಮಧ್ಯಾಹ್ನ ಮೀಟರು ಬಿಚ್ಚಿ ತಂದು ಅಡುಗೆಮನೆಯ ಕಟ್ಟೆಯ ಮೇಲೆ ಪೇಪರು ಹಾಸಿ ಕುಳಿತೆ. ಬೆಳಕು ಅಲ್ಲಿಯೇ ಚೆನ್ನಾಗಿ ಬೀಳುತ್ತದೆ. ಕೇಬಲ್ ತಿರುಗಿಸುವ ಸಣ್ಣದೊಂದು ಕಡ್ಡಿ ಮೀಟರಿನ ಒಳಗಿರುತ್ತದೆ, ಅದರ ತುದಿಗೆ ಅಯಸ್ಕಾಂತ. ಅದು ತಿರುಗಿದರೆ ಮುಳ್ಳು ಏಳುತ್ತದೆ. ಕಡ್ಡಿಯನ್ನು ಬೆರಳಿಂದ ತಿರುವಿ ನೋಡಿದೆ, ಜಪ್ಪಯ್ಯ ಅನ್ನಲಿಲ್ಲ. ಗ್ರೀಸು ಒಣಗಿದರೆ ಕರ್ರಗಾಗುತ್ತದೆ. ಇಲ್ಲಿ ಕಡ್ಡಿಯ ಸುತ್ತ ಹಳದಿ ಅಂಟು ಗಟ್ಟಿಯಾಗಿ ಕೂತಿತ್ತು. ಉಗುರಿನಿಂದ ಕೆರೆದು ಮೂಸಿದೆ.

ಕುಸುಬಿ ಎಣ್ಣೆ!

ನಮ್ಮ ಕಡೆ ಎಣ್ಣೆಯ ಡಬ್ಬಿ ತಿಕ್ಕಿದ ಯಾವ ಹೆಂಗಸಿಗಾದರೂ ಅದು ಗೊತ್ತು. ಕುಸುಬಿ ಎಣ್ಣೆ ತೆಳ್ಳಗೆ ಹರಡಿ ಗಾಳಿಗೆ ಬಿಟ್ಟರೆ ಆರಿ ಅಂಟಾಗುತ್ತದೆ, ಆಮೇಲೆ ತೆಂಗಿನ ನಾರಿನ ಜುಂಗಿಗೂ ಬಗ್ಗುವುದಿಲ್ಲ. ಕಿರಿಕಿರಿ ಶಬ್ದ ತಮ್ಮ ಮಾತಿಗೆ ಅಡ್ಡ ಬರುತ್ತದೆಂದು ಮಾಸ್ತರರು ನನಗೆ ಕಾಣದಂತೆ ಒಗ್ಗರಣೆಯ ಎಣ್ಣೆಯನ್ನು ಮೀಟರಿಗೆ ಕುಡಿಸಿದ್ದಾರೆ. ಬಿಚ್ಚಿದರೆ ಕಳ್ಳತನ ಹೊರಬೀಳುತ್ತದೆ ಎಂದು "ಬ್ಯಾಡ ಬ್ಯಾಡ"!

"ಅಯ್ಯ ಶಿವನ! ರೀ, ಮೀಟರಿಗೆ ಒಗ್ಗರಣಿ ಕೊಡಾಕ ಹೋಗಿದ್ರೇನು?" ಎಂದು ಒಲೆಯ ಕಡೆಗೆ ತಿರುಗಿ ಒದರಿಯೇಬಿಟ್ಟೆ.

ಒಲೆಯ ಮುಂದೆ ಯಾರಿದ್ದಾರೆ? ಅವರು ಸತ್ತಾಗ ಅಳಲು ಊರಿಗೆ ಊರೇ ಬಂದಿತ್ತು. ಜಗಳ ಆಡಲು ಈಗ ಯಾರನ್ನು ಕರೆಯಲಿ? ನಾನು ಒಂಟಿ ಆಗಿದ್ದೇನೆ ಎಂಬುದು ಆ ದಿನ ತಿಳಿಯಿತು.

ಆಮೇಲೆ ಹೊರಗಿನ ಜಗಲಿಗೆ ಹೋಗಿ, ಪೇಂಟಿಗೆ ಹಾಕುವ ಥಿನ್ನರನ್ನು ಕಡ್ಡಿಯ ಸುತ್ತ ಹನಿಹನಿಯಾಗಿ ಬಿಟ್ಟೆ. ಒತ್ತಾಯ ಮಾಡಿದರೆ ಕಡ್ಡಿ ಮುರಿಯುತ್ತದೆ. ಇತ್ತ ಒಂದಿಷ್ಟು, ಅತ್ತ ಒಂದಿಷ್ಟು ತಿರುವುತ್ತ ಹೋದೆ. ಸಂಜೆಗೆ ಅದು ಸಡಿಲಾಯಿತು. ಅಂಟನ್ನು ಒರೆಸಿದ ಅರಿವೆಯಲ್ಲಿ ಅವರ ಅಡುಗೆಯ ವಾಸನೆ ಇತ್ತು. ಒಗೆಯಲು ಮನಸ್ಸಾಗಲಿಲ್ಲ, ಆದರೂ ಒಗೆದೆ. ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಬಿಟ್ಟು ಬೆರಳಿಂದ ತಿರುಗಿಸಿದರೆ ಮುಳ್ಳು ನಡುಗುತ್ತ ಮೇಲೆದ್ದಿತು.

ಮೀಟರು ಕೂಡಿಸಿ, ಕೇಬಲ್ ಹಾಕಿ, ಬ್ಯಾಟರಿ ಚಾರ್ಜು ಮಾಡಿಸಿ, ಟಾಯರಿಗೆ ಗಾಳಿ ಹೊಡೆಸಿ, ಮರುದಿನ ಮುಂಜಾನೆ ಹೊರಟೆ. ಊರು ದಾಟಿ ಸವದತ್ತಿಯ ರಸ್ತೆ ಹಿಡಿದೆ. ಗಾಡಿ ನಮ್ಮ ಯಾವತ್ತಿನ ಓಟಕ್ಕೆ ಬಂತು. ಆ ಓಟ ನನ್ನ ಮೈಗೆ ಗೊತ್ತು, ಅವರು "ಅರವತ್ತಾತು" ಅನ್ನುವುದು ಇಲ್ಲೇ. ಮೀಟರು ನೋಡಿದೆ. ಮುಳ್ಳು ನಲವತ್ತನ್ನೂ ಮುಟ್ಟಿರಲಿಲ್ಲ.

ನನ್ನ ರಿಪೇರಿಯೇ ಹಾಳಾಯಿತು ಅಂದುಕೊಂಡೆ. ಗಾಜು ಬಡಿದೆ. ನಂಬಿಕೆಯಾಗದೆ ಕಿಲೋಮೀಟರಿನ ಕಲ್ಲುಗಳನ್ನು ನೋಡುತ್ತ ಕೈಗಡಿಯಾರ ಹಿಡಿದು ಲೆಕ್ಕ ಹಾಕಿದೆ. ಮೀಟರು ಸರಿಯಾಗಿತ್ತು. ಸುಳ್ಳು ಹೇಳಿದ್ದು ಮಾಸ್ತರರು. ಇಷ್ಟು ವರ್ಷ ನಲವತ್ತಕ್ಕೆ ಅರವತ್ತು ಎಂದು ಲೆಕ್ಕ ಒಪ್ಪಿಸಿ ನನ್ನನ್ನು ಎತ್ತಿನ ಬಂಡಿ ಹೊಡೆಸಿದ್ದರು!

"ಲೆಕ್ಕದ ಮಾಸ್ತರರು ಅಂತ ನಂಬಿದ್ನಲ್ರಿ!" ಎಂದು ಕೂಗಿ ಸಿಟ್ಟಿಗೆ ಕಾಲು ಒತ್ತಿದೆ. ಮುಳ್ಳು ಏರಿತು. ಅರವತ್ತು, ಖರೇ ಖರೇ ಅರವತ್ತು. ಬಾಗಿಲು ಗಡಗಡ ಅಂದವು, ಇಂಜಿನ್ನು ಕೂಗಿತು, ಕಿಡಕಿಯಿಂದ ಗಾಳಿ ಭರ್ರೆಂದು ನುಗ್ಗಿತು. ನಾನು ಬಯ್ಯುತ್ತಿದ್ದ ಬೈಗುಳ ನನ್ನ ಕಿವಿಗೇ ಕೇಳಿಸಲಿಲ್ಲ.

ಆಗ ತಿಳಿಯಿತು. ಈ ಗಾಡಿಯಲ್ಲಿ ಅರವತ್ತಕ್ಕೆ ಹೋದರೆ ಒಬ್ಬರ ಮಾತು ಒಬ್ಬರಿಗೆ ಕೇಳುವುದಿಲ್ಲ. ಅವರಿಗೆ ಹೆದರಿಕೆ ಇದ್ದದ್ದು ವೇಗಕ್ಕಲ್ಲ. ಮನೆಯಲ್ಲಿ ಸದಾ ಓಡಾಡುತ್ತಿದ್ದ ನಾನು ಅವರ ಮಾತಿಗೆ ಸಿಗುತ್ತಿದ್ದದ್ದು ಈ ಸೀಟಿನಲ್ಲಿ ಕುಳಿತಾಗ ಮಾತ್ರ. ಒಂದು ಮಾತು ಹೇಳಬಾರದಿತ್ತೇ ಮಾರಾಯರು? ನಾನು ನಲವತ್ತರಲ್ಲೇ ಹೊಡೆಯುತ್ತಿದ್ದೆ.

ಕಣ್ಣು ಮಂಜಾದವು. ಆದರೂ ವೇಗ ಇಳಿಸಲಿಲ್ಲ. ಇಳಿಸಿದರೆ ಗದ್ದಲ ಕಡಿಮೆಯಾಗುತ್ತದೆ, ಆಗ ಬಾಜೂ ಸೀಟು ಸುಮ್ಮನಿರುವುದು ಗೊತ್ತಾಗುತ್ತದೆ. ಎಲ್ಲಮ್ಮನ ಗುಡ್ಡಕ್ಕೆ ಹೊರಟ ಟ್ರ್ಯಾಕ್ಟರುಗಳನ್ನು ಮೊದಲ ಸಲ ನಾನೇ ದಾಟಿ ಹೋದೆ.

ತಂಗಿ ಬಾಗಿಲಿಗೆ ರಂಗೋಲಿ ಹಾಕುತ್ತಿದ್ದಳು. ಗಾಡಿ ನಿಂತದ್ದು ನೋಡಿ ಹಿಟ್ಟಿನ ಕೈಯಲ್ಲೇ ಎದ್ದು ಬಂದಳು.

"ಗಾಡಿ ಕೊಡಂಗಿಲ್ಲ. ಕಿತ್ತೂರಿನವರಿಗೆ ಬರಬ್ಯಾಡ್ರಿ ಅಂತ ಹೇಳು," ಎಂದು ಸೀಟಿನಿಂದಲೇ ಅಂದೆ.

ಅವಳ ಲಕ್ಷ್ಯ ಅದರ ಕಡೆಗೆ ಇರಲಿಲ್ಲ. ಬಿಸಿಲನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. "ಅಕ್ಕಾ, ಮುಂಜಾನೆ ಬಿಟ್ರೂ ಯಾವಾಗ್ಲೂ ಬಿಸಿಲೇರಿಸಿ ಬರ್ತಿದ್ರಿ ಇಬ್ರೂ. ಇವತ್ತ ಇಷ್ಟ ಲಗೂ ಹೆಂಗ ಬಂದಿ?"

ಸ್ಟೀರಿಂಗಿನ ಮೇಲೆ ತಲೆಯಿಟ್ಟು ಗಟ್ಟಿಯಾಗಿ ಅತ್ತುಬಿಟ್ಟೆ.