ವಾಡೆಯ ಕಂಬಕ್ಕೆ ಬಂದ ದೇವರು

ಸೋನಾಬಾಯಿಗೆ ಮೂಗು ಮುಚ್ಚಿಕೊಳ್ಳುವುದೇ ಒಂದು ಉದ್ಯೋಗವಾಗಿತ್ತು. ಕರೋಶಿಯ ಹತ್ತಿರ ಕಬ್ಬು, ದ್ರಾಕ್ಷಿ ತೋಟಗಳ ನಡುವಿನ ಇನಾಮದಾರರ ವಾಡೆಯ ಸೊಸೆ ಅವಳು. ಮಾವ ಸತ್ತ ಮೇಲೆ ಹೊಲಮನೆಯೆಲ್ಲ ಅವಳದೇ ಕಾರುಬಾರು. ಗಂಡ ಮುರಗೆಪ್ಪ ಎಲ್ಲದಕ್ಕೂ ಹೂಂ ಅನ್ನುವ ಮನುಷ್ಯ. ಅವಳ ಜೀವವೆಲ್ಲ ಇದ್ದದ್ದು ವಾಡೆಯ ಕರಿಕಲ್ಲಿನ ಗೋಡೆಯಲ್ಲಿ, ಹೆಬ್ಬಾಗಿಲಿನ ಎರಡು ಕೆತ್ತನೆಯ ಕಂಬಗಳಲ್ಲಿ. ಎದುರಿಗೇ ಬಸ್ ನಿಲ್ಲುವ ಜಾಗ. ಇಳಿದವರಿಗೂ ಹತ್ತುವವರಿಗೂ ಉಚ್ಚೆ ಹೊಯ್ಯಲು ಆ ಗೋಡೆಯೇ ಬೇಕು, ಗುಟಕಾ ಉಗುಳಲು ಆ ಕಂಬವೇ ಬೇಕು. ನಾಚಿಕೆಗೇಡಿಗಳು! ಬೈದರೆ ಹಲ್ಲು ಕಿರಿಯುತ್ತಿದ್ದರು. ಸಂದಿಯ ಗಾರೆ ಕೊಳೆತು ಉದುರತೊಡಗಿತ್ತು, ಕಲ್ಲು ಜಾರುವುದೊಂದು ಬಾಕಿ.

ಕೊನೆಗೆ ಅವಳು ನಿಪ್ಪಾಣಿಯಿಂದ ದೇವರ ಚಿತ್ರದ ಟೈಲ್ಸ್ ತಂದು ಗೋಡೆಗೂ ಕಂಬಕ್ಕೂ ಮೆತ್ತಿಸಿದಳು. ಪೇಟೆಯಲ್ಲಿ ಎಲ್ಲರೂ ಮಾಡುವ ಉಪಾಯವೇ. ಮರುದಿನದಿಂದ ಒಬ್ಬನೂ ಅತ್ತ ಸುಳಿಯಲಿಲ್ಲ. ಸೋನಾಬಾಯಿ ಹಿಗ್ಗಿದ್ದೇ ಹಿಗ್ಗಿದ್ದು.

ಒಂದು ಅಮಾವಾಸ್ಯೆಗೆ ಯಾರೋ ಬಲಗಂಬದ ಟೈಲ್ಸಿಗೆ ಕಾಯಿ ಒಡೆದರು. ಇನ್ನೊಬ್ಬರು ಎಣ್ಣೆ ಸುರಿದರು. ಆಮೇಲೆ ಕುಂಕುಮ, ಭಂಡಾರದ ಅರಿಸಿನಪುಡಿ, ಊದುಬತ್ತಿಯ ಮಸಿ, ಕೊಳೆತ ಬಾಳೆಹಣ್ಣಿಗೆ ಮುತ್ತುವ ನೊಣ. ಹರಕೆ ಫಲಿಸಿತೆಂಬ ಸುದ್ದಿ ಹಾರೂಗೇರಿತನಕ ಹೋಯಿತು. ಊರಿನ ಸುಹಾಸ ಎಂಬ ಉಂಡಾಡಿ ಒಂದು ಕಮಿಟಿ ಕಟ್ಟಿ, ಕಂಬದ ಕೆತ್ತನೆ ಮುಚ್ಚುವಂತೆ ಬಿಳಿ ಮಾರ್ಬಲ್ ಹೊದಿಸಿ, ಅರ್ಧ ಹೆಬ್ಬಾಗಿಲಿಗೆ ಗ್ರಿಲ್ ಹಾಕಿಸಿದ. ಉಚ್ಚೆಯ ನಾತ ಹೋಗಿ ಕಮಟು ಎಣ್ಣೆಯ ನಾತ ಬಂತು. ಮೊದಲಿನವರಿಗಾದರೂ ಬೈಯಬಹುದಿತ್ತು, ಭಕ್ತರಿಗೆ ಬೈಯುವುದು ಹೇಗೆ?

ತಡೆಯಲಾರದೆ ಒಂದು ಮುಂಜಾನೆ ಟೈಲ್ಸ್ ಕೀಳಿಸಲೆಂದು ಅವಳು ದಡದಡ ಬಂದಳು. ಸುಹಾಸ ಅಡ್ಡ ನಿಂತ.

“ಬಾಯಾರ, ಚಪ್ಪಲಿ ಬಿಟ್ಟ ಬರ್ರಿ. ದೇವ್ರ ಜಾಗಾ ಐತಿ.”

“ಲೇ, ನನ್ನ ಬಾಗಲಾ ಐತಿ ಇದು!”

“ನಿಮ್ದ ಇತ್ರಿ. ಈಗ ದೇವ್ರದ ಆಗೇತಿ. ನೀವ ಕುಂಡ್ರಿಸೀರಲ್ಲ?”

ಜನ ಗುಂಪುಗೂಡಿ ದುರುಗುಟ್ಟಿ ನೋಡುತ್ತಿದ್ದರು. ಅವಳು ಚಪ್ಪಲಿ ಬಿಟ್ಟಳು. ಕಲ್ಲಿನ ಜಿಡ್ಡು ಅಂಗಾಲಿಗೆ ಮೆತ್ತಿತು.

ಅವಳ ತೋಟಕ್ಕೇ ಕೂಲಿಗೆ ಹೊರಟಿದ್ದ ಸತ್ತೆವ್ವ ರಸ್ತೆಯಲ್ಲಿ ನಿಂತಿದ್ದಳು.

“ನೋಡಬೇ ಸತ್ತೆವ್ವ, ನಮ್ಮ ಬಾಗಲದಾಗ ನಾನ ಬರಿಗಾಲಿಲೆ ನಿಂದ್ರೂ ಹಂಗಾತು!”

ಸತ್ತೆವ್ವ ನಗಲಿಲ್ಲ. “ನಮ್ಮ ಅತ್ತಿನೂ ಇಲ್ಲೇ ಚಪ್ಪಲಿ ಬಿಚ್ಚಿ ಕೈಯಾಗ ಹಿಡಕೊಂಡ ಹೋಗತಿದ್ಲರಿ, ಬಾಯಾರ. ಆಗ ಇಲ್ಲಿ ದೇವ್ರ ಇರಲಿಲ್ಲ, ನಿಮ್ಮ ಮಾವಾರ ಇದ್ರ,” ಎಂದು ಕುಡಗೋಲು ಸೊಂಟಕ್ಕೆ ಸಿಕ್ಕಿಸಿ ಹೊಲದ ಹಾದಿ ಹಿಡಿದಳು.

ಸೋನಾಬಾಯಿಗೆ ಬಾಯ್ತುಂಬ ಉಗುಳು ಬಂತು. ಯಾರ ಮೇಲೆ ಉಗುಳಬೇಕೆಂದು ತಿಳಿಯದೆ ನುಂಗಿಕೊಂಡಳು.