ಅಕ್ಕನ ಮದುವೆಯ ಗಾತ್ರ

ಮೊನ್ನೆ ಮಣಿಪಾಲದ ಆಫೀಸಿನಲ್ಲಿ ಹೊಸ ಕಂಪ್ಯೂಟರಿನ ಫೋಲ್ಡರೊಂದರ ಮೇಲೆ ಮೌಸಿನ ಬಾಣ ಇಟ್ಟು ಚಹಾ ಕುಡಿಯುತ್ತಿದ್ದೆ. ಬಾಣದ ಬುಡದಲ್ಲಿ ಹಳದಿ ಚೀಟಿಯೊಂದು ಮೂಡಿ, ಒಳಗಿರುವುದರ ಗಾತ್ರ ಇಷ್ಟು ಎಂದು ಹೇಳಿ ಮಾಯವಾಯಿತು. ನನ್ನ ಕಿವಿ ಬಿಸಿಯಾಯಿತು. ಆ ಚೀಟಿ ಕಂಡು ನಾಚುವ ಮನುಷ್ಯ ಉಡುಪಿ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು. ಯಾಕೆಂದು ಹೇಳುತ್ತೇನೆ, ನಗು ಬಂದರೆ ನಕ್ಕುಬಿಡಿ. ಬೇರೆಯವರನ್ನು ನೋಡಿ ನಾನೇನು ಕಡಿಮೆ ನಕ್ಕವನಲ್ಲ.

ಡಿಗ್ರಿ ಮುಗಿಸಿ ಕೆಲಸ ಸಿಗುವ ತನಕ ಕಟಪಾಡಿಯ ಸ್ಟುಡಿಯೋ ಒಂದರಲ್ಲಿ ಮದುವೆ ಆಲ್ಬಮ್ ಮಾಡುತ್ತಿದ್ದೆ. ಫಿಲ್ಮ್ ರೋಲು ಹೋಗಿ ಡಿಜಿಟಲ್ ಕ್ಯಾಮೆರಾ ಬಂದ ಹೊಸತು. ಸ್ಟುಡಿಯೋದ ಧಣಿ ವಸಂತಣ್ಣನದ್ದು ಒಂದು ಕ್ರಮ. ಗಿರಾಕಿಗಳಿಗೆ ಫೋಟೋ ತೋರಿಸುವ ಮೊದಲು ಅವರ ಫೋಲ್ಡರಿನ ಮೇಲೆ ಬಾಣ ನಿಲ್ಲಿಸಿ, "ನಿಮ್ಮ ಮದುವೆ ಎಷ್ಟು ದೊಡ್ಡದುಂಟು ನೋಡುವ" ಎನ್ನುವುದು. ಆ ಹಳೆಯ ಕಂಪ್ಯೂಟರ್ ಒಳಹೊಕ್ಕು ಒಂದೊಂದೇ ಫೋಟೋ ಎಣಿಸತೊಡಗುತ್ತಿತ್ತು. ಎಣಿಸಿ ಮುಗಿಯುವವರೆಗೆ ಬೇರೆ ಯಾವ ಕೆಲಸಕ್ಕೂ ಇಲ್ಲ. ಒತ್ತಿದರೂ ಅಷ್ಟೆ, ಬೈದರೂ ಅಷ್ಟೆ. ತಡವಾದಷ್ಟೂ ಗಿರಾಕಿಗಳ ಮುಖ ಅರಳುತ್ತಿತ್ತು. ಊಟಕ್ಕೆ ಎಷ್ಟು ಜನ ಎಂದು ಕೇಳುತ್ತಿದ್ದ ಊರು ಎಷ್ಟು ಎಂಬಿ ಎಂದು ಕೇಳತೊಡಗಿತ್ತು. ಪೆರ್ಡೂರಿನವರೊಬ್ಬರು, "ಅಂಬಲಪಾಡಿಯವರದ್ದು ಒಂದು ಜಿಬಿ ಅಂತೆ, ನಮ್ಮದು ಕಡಿಮೆ ಆಗ್ಬಾರ್ದು ಮಾರಾಯ್ರೇ" ಎಂದು ಮದುಮಕ್ಕಳನ್ನು ಮತ್ತೊಮ್ಮೆ ಸಿಂಗರಿಸಿ ಫೋಟೋ ತೆಗೆಸಿದ್ದೂ ಉಂಟು.

ಕಂಪ್ಯೂಟರ್ ಎಣಿಸುವಷ್ಟು ಹೊತ್ತು ಜನರನ್ನು ನಗಿಸುವುದು ನನ್ನ ಪಾಲಿನ ಕೆಲಸ. ಪಂಕ್ತಿಯಲ್ಲಿ ಎಲೆ ಎಣಿಸುವ ಅಡುಗೆ ಭಟ್ಟರ ದನಿಯನ್ನು ಆ ಕಂಪ್ಯೂಟರಿಗೆ ಕೊಟ್ಟಿದ್ದೆ. ಮೂಗಿನಲ್ಲೇ, "ಏ ಮಾಣಿ, ಕೂತಲ್ಲೇ ಕೂರು, ನನ್ನ ಲೆಕ್ಕ ತಪ್ಪುತ್ತದೆ!" ಸಣ್ಣ ಮದುವೆಯಾಗಿ ಚೀಟಿ ಥಟ್ಟನೆ ಮೂಡಿದರೆ ಅದೇ ಭಟ್ಟರು, "ಇಷ್ಟೇಯಾ? ಒಲೆ ಹಚ್ಚಿದ್ದೇ ದಂಡ" ಎನ್ನುತ್ತಿದ್ದರು. ಸ್ಟುಡಿಯೋ ನಗುತ್ತಿತ್ತು. ಆ ಸಣ್ಣ ಮದುವೆಯವರು ನಕ್ಕರೋ ಇಲ್ಲವೋ, ನಾನು ತಿರುಗಿ ನೋಡಿದವನಲ್ಲ.

ಹಾಗಿರುವಾಗ ನನ್ನ ಅಕ್ಕನ ಮದುವೆಯಾಯಿತು. ಕಾರ್ಕಳದ ಹತ್ತಿರದ ದೇವಸ್ಥಾನದಲ್ಲಿ, ಎರಡೂ ಕಡೆಯ ಹತ್ತಿರದವರಷ್ಟೇ. ಇಷ್ಟು ಸಾಕು ಎಂದವಳು ಅಕ್ಕನೇ. ಫೋಟೋ ತೆಗೆದವನು ನಾನು. ಭಾವ ದುಬೈಗೆ ಮರಳಿದ ಮೇಲೆ, ಅವರಿಗೆ ಕಳಿಸುವ ಸಿಡಿಗಾಗಿ ಅಕ್ಕ ತನ್ನ ಅತ್ತೆಯ ಜೊತೆ ಕಾಪುವಿನಿಂದ ಬರುತ್ತಾಳೆಂದು ಸುದ್ದಿ ಬಂತು. ವಸಂತಣ್ಣ ಬಾಣ ಇಡುತ್ತಾರೆ, ಚೀಟಿ ಥಟ್ಟನೆ ಮೂಡುತ್ತದೆ, ಅತ್ತೆಯೆದುರು ಅಕ್ಕ ಸಣ್ಣವಳಾಗುತ್ತಾಳೆ. ನನ್ನ ಭಟ್ಟರು ನನ್ನ ಕಿವಿಯಲ್ಲೇ ಮಾತಾಡತೊಡಗಿದರು. ಪೆರ್ಡೂರಿನ ಮದುವೆಯನ್ನೂ ಅಂಬಲಪಾಡಿಯ ಮದುವೆಯನ್ನೂ ಅನಾಮತ್ತಾಗಿ ಅಕ್ಕನ ಫೋಲ್ಡರಿಗೆ ತುಂಬಿಸಿದೆ. ಗಾತ್ರ ಕೇಳಿ ಅತ್ತೆ ಖುಷಿಪಡಲಿ. ಆಮೇಲೆ ಮೌಸು ನಾನೇ ಹಿಡಿದು ನಮ್ಮ ಫೋಟೋಗಳನ್ನಷ್ಟೇ ತೆರೆದರಾಯಿತು.

ಅತ್ತೆ ಬಂದರು. ಬಾಣ ಕೂತಿತು. ಕಂಪ್ಯೂಟರ್ ಎಣಿಸಿತು, ಎಣಿಸಿತು, ಹೊಟ್ಟೆಯೊಳಗೆ ಕರಕರ ಎಂದಿತು. ಅಂದು ಭಟ್ಟರಿಗೆ ಬಾಯಿಯೇ ಇಲ್ಲ.

"ಅಬ್ಬ, ನಮ್ಮದು ಅಷ್ಟುಂಟಾ!" ಎಂದರು ಅತ್ತೆ, ಚೀಟಿ ಮೂಡಿದಾಗ.

ನಾನು ಕೈ ಚಾಚುವ ಮೊದಲೇ ವಸಂತಣ್ಣ ಒತ್ತಿಬಿಟ್ಟರು. ಪೆರ್ಡೂರಿನ ಮದುಮಗ ಬಂದ. ಮದುಮಗಳು ಬಂದಳು. ಮುಚ್ಚಲೆಂದು ಮೂಲೆಯ ಗುರುತನ್ನು ಒತ್ತಿದೆ, ಮತ್ತೆ ಒತ್ತಿದೆ. ನಾನೇ ಹೇರಿದ ಭಾರಕ್ಕೆ ಕಂಪ್ಯೂಟರ್ ಅಲುಗಲಿಲ್ಲ. ಎಲೆಯಿಂದ ಪಾಯಸ ಬಾಚಿಕೊಳ್ಳುತ್ತಿದ್ದ ಹಲ್ಲಿಲ್ಲದ ಅಜ್ಜನೊಬ್ಬ ಪರದೆಯ ನಡುವೆ ನಿಂತೇಬಿಟ್ಟ.

"ಇದು ಯಾರು ಮಾರಾಯ? ನಮ್ಮ ಕಡೆಯವರಲ್ಲ. ನಿಮ್ಮವರಾ?" ಎಂದರು ಅತ್ತೆ.

ಅಕ್ಕ ಅಜ್ಜನನ್ನು ನೋಡಲಿಲ್ಲ, ನನ್ನನ್ನು ನೋಡಿದಳು. ಅವಳಿಗೆ ಎಲ್ಲ ಗೊತ್ತಾಗಿತ್ತು.

"ನನಗೆ ಸಾಕಾಗಿತ್ತು. ನಿನಗೆ ಸಾಲಲಿಲ್ಲ, ಅಲ್ವಾ?"

ಯಾರ ದನಿಯನ್ನಾದರೂ ಅಣಕಿಸುವ ನನಗೆ ಆ ದನಿ ಮಾತ್ರ ಇವತ್ತಿಗೂ ಬರುವುದಿಲ್ಲ. ಅತ್ತೆಯಾದರೂ ಬೈಯಬಹುದಿತ್ತು. "ಸಣ್ಣದಾದರೆ ಎಂತ ಆಯ್ತು? ಒಂದೇ ಸಿಡಿಯಲ್ಲಿ ಹಿಡೀತದಲ್ಲ" ಎಂದುಬಿಟ್ಟರು. ಗಾತ್ರ ತೋರಿಸಬೇಡ ಎಂದು ಸೆಟ್ಟಿಂಗಿನಲ್ಲಿ ಒಂದು ಟಿಕ್ ಗುರುತು ತೆಗೆದರೆ ಸಾಕೆಂದು ವಸಂತಣ್ಣ ಯಾರನ್ನೋ ಕೇಳಿ ತಿಳಿದುಕೊಂಡರು. ತೆಗೆದ ಮೇಲೆ ಕಂಪ್ಯೂಟರ್ ಹಗುರಾಗಿ ಓಡಿತು. ನಾನು ಹಗುರಾಗಲಿಲ್ಲ, ಆಮೇಲೆ ಆ ಫೋಲ್ಡರ್ ತೆರೆದದ್ದೂ ಇಲ್ಲ.

ಮೊನ್ನೆ ಚೀಟಿ ಕಂಡ ಸಂಜೆ ನೇರ ಕಾಪುವಿಗೆ, ಅಕ್ಕನ ಮನೆಗೆ ಹೋದೆ. ಅಕ್ಕನ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಸಿಡಿಯಿಂದ ಅವರ ಕಂಪ್ಯೂಟರಿಗೆ ಇಳಿಸಿಟ್ಟಿದ್ದ ಅಕ್ಕನ ಮದುವೆಯನ್ನು ಬಾಣ ಎಲ್ಲಿಯೂ ನಿಲ್ಲಿಸದೆ ತೆರೆದೆ. ಬೇಗ ಮುಗಿಯಿತು. ಕೊನೆಯಲ್ಲಿ ಪಾಯಸದ ಅಜ್ಜ! ಅಂದಿನ ಗಡಿಬಿಡಿಯಲ್ಲಿ ಬೇರೆಯವರ ಫೋಟೋಗಳನ್ನು ಅಳಿಸುವಾಗ ಇವನೊಬ್ಬ ಉಳಿದುಬಿಟ್ಟಿದ್ದಾನೆ, ಸಿಡಿ ಹತ್ತಿ ದುಬೈಯನ್ನೂ ನೋಡಿ ಬಂದಿದ್ದಾನೆ.

"ಅಮ್ಮಾ, ಈ ಅಜ್ಜ ಯಾರು?"

"ಅವರು ನಿನ್ನ ಮಾವ ಕರೆದವರು" ಎಂದಳು ಅಕ್ಕ, ಮಡಚುತ್ತಿದ್ದ ಬಟ್ಟೆಯಿಂದ ತಲೆಯೆತ್ತದೆ.

"ಈಗಲಾದರೂ ಅಳಿಸಲಾ ಅಕ್ಕ?"

"ಬೇಡ ಮಾರಾಯ. ಕರೆದು ಕೂರಿಸಿದವರನ್ನು ಊಟದ ನಡುವೆ ಎಬ್ಬಿಸಬಾರದು."