ಹೊಟ್ಟೆಯಿಲ್ಲದ ಮೀಟರಿನ ಜಬ್ಬಾರ್ ಸಾಬ್ರು

ಜಬ್ಬಾರ್ ಸಾಬ್ರು ಕೂತು ಟೀ ಕುಡಿದದ್ದನ್ನು ನಾನು ನೋಡಿಲ್ಲ. ತಿಪಟೂರಿನ ಅವರ ಮೋಟ್ರು ರಿಪೇರಿ ಅಂಗಡಿಗೂ ಎದುರಿನ ಟೀ ಅಂಗಡಿಗೂ ನಡುವೆ ಇದ್ದದ್ದು ಒಂದು ರಸ್ತೆ. ಲೋಟ ಹಿಡಿದು ಅದನ್ನು ದಾಟುವಷ್ಟರಲ್ಲಿ ಅರ್ಧ ಕುಡಿದಿರುತ್ತಿದ್ದರು. ಉಳಿದದ್ದನ್ನು ಯಾವುದಾದರೂ ಸ್ಟಾರ್ಟರ್ ಡಬ್ಬದ ಮೇಲಿಟ್ಟು ಮರೆತುಬಿಡುತ್ತಿದ್ದರು. ಸಂಜೆ ಟೀ ಅಂಗಡಿಯವನೇ ಬಂದು, ಬೈಕೊಂಡು, ಒಂದೊಂದು ಮೂಲೆಯಿಂದ ಒಂದೊಂದು ಲೋಟ ಆಯ್ದುಕೊಂಡು ಹೋಗುತ್ತಿದ್ದ. ನಿಂತರೆ ಅವರ ಒಂದು ಕಾಲು ಕುಣಿಯುತ್ತಿತ್ತು. ಮಾತಿಗಿಳಿದರೆ ಕೈ ಏನನ್ನಾದರೂ ಬಿಚ್ಚುತ್ತಿತ್ತು. ಒಂದು ಸಲ ನನ್ನ ಮಗಳ ಮದುವೆ ವಿಚಾರ ಕೇಳುತ್ತ ಕೇಳುತ್ತ ನನ್ನ ಟಾರ್ಚನ್ನು ಪೂರಾ ಬಿಚ್ಚಿಹಾಕಿದ್ದರು. ಅದು ಕೆಟ್ಟಿರಲಿಲ್ಲ.

ಇಂಥ ಮನುಷ್ಯ ಒಂದು ಮೀಟರು ತಂದರು. ಆನ್ ಮಾಡಿ ಅರ್ಧ ಗಂಟೆ ಕಾಯದೆ ಅದರ ಮಾತು ನಂಬುವ ಹಾಗಿಲ್ಲ ಅಂತ ಅವರೇ ಹೇಳುತ್ತಿದ್ದರು. ಬೇರೆ ಮೆಕ್ಯಾನಿಕ್ಕುಗಳದ್ದು ಜೇಬಿಗೆ ಹಿಡಿಸುವ ಮೀಟರು. ಇದು ಟೇಬಲ್ಲಿನ ಮೇಲಿಟ್ಟು ನೋಡುವಂಥದ್ದು, ಹಳೇ ರೇಡಿಯೋದಷ್ಟು ಗಾತ್ರ, ಮುಂದೆ ಹಸಿರು ಅಂಕಿ. ಬೆಂಗಳೂರಲ್ಲಿ ಯಾವುದೋ ಫ್ಯಾಕ್ಟರಿ ಮುಚ್ಚಿ ಸಾಮಾನು ಹರಾಜು ಹಾಕಿದಾಗ ಹೊತ್ತು ತಂದಿದ್ದರು. ಅದುವರೆಗೂ ಅವರ ಹತ್ತಿರ ಇದ್ದದ್ದು ಮುಳ್ಳಿನ ಮೀಟರು. ಈ ಹೊಸದನ್ನು ಬೆಡ್‌ಶೀಟಿನಲ್ಲಿ ಸುತ್ತಿ, ಗೋಣಿಚೀಲದಲ್ಲಿಟ್ಟು, ಮೊಪೆಡ್ಡಿನ ಮುಂದೆ ನಿಲ್ಲಿಸಿಕೊಂಡು ತೋಟಗಳಿಗೂ ತರುತ್ತಿದ್ದರು. ಅದಕ್ಕೆ ಬ್ಯಾಟರಿ ಇಲ್ಲ, ಮೋಟ್ರು ಮನೆಯ ಪ್ಲಗ್ಗಿಗೇ ಸಿಕ್ಕಿಸಬೇಕು. ನಾನೊಮ್ಮೆ ರೇಗಿಸಿದ್ದೆ:

"ಸಾಬ್ರೇ, ಕರೆಂಟ್ ಐತಾ ಅಂತ ನೋಡಕ್ಕೆ ಕರೆಂಟೇ ಬೇಕಾಗೋ ಮೀಟ್ರು ತಂದಿದೀರಲ್ಲ. ಕರೆಂಟ್ ಇಲ್ದಿದ್ರೆ ಏನ್ ಮಾಡ್ತದೆ ಇದು?"

"ಇಲ್ಲ ಅಂತ ಹೇಳ್ತದೆ. ಅಷ್ಟು ಸಾಲ್ದಾ ನಿಂಗೆ?"

ಮೀಟರು ಆನ್ ಮಾಡಿ, "ತಾಳಪ್ಪ, ಅದಿನ್ನೂ ನಿದ್ದೆಗಣ್ಣಲ್ಲಿದೆ" ಅಂತ ನಮ್ಮನ್ನು ಕೂರಿಸಿ ತಾವು ಬಸ್‌ಸ್ಟ್ಯಾಂಡಿನವರೆಗೆ ಹೋಗಿ ಬರುತ್ತಿದ್ದರು. ಬಂದವರು ಮೊದಲು ಕೆಂಪು ಕಡ್ಡಿ, ಕಪ್ಪು ಕಡ್ಡಿ ಎರಡನ್ನೂ ಒಂದಕ್ಕೊಂದು ತಾಗಿಸಿ ಅಂಕಿ ನೋಡುತ್ತಿದ್ದರು. ಆ ತಂತಿಗಳದ್ದೇ ಒಂಚೂರು ತಡೆ ಇರುತ್ತದಂತೆ, ಅದನ್ನು ಕಳೆದು ಲೆಕ್ಕ ಹಿಡಿಯಬೇಕಂತೆ. "ಮೊದ್ಲು ನಿನ್ನ ಕೈಲಿರೋ ತಂತಿ ಎಷ್ಟು ತಿಂತದೆ ನೋಡ್ಕೋ. ಆಮೇಲೆ ಇನ್ನೊಬ್ಬರ ತಂತಿ ಲೆಕ್ಕ ಕೇಳು" ಅನ್ನುತ್ತಿದ್ದರು. ಆಂಪಿಯರ್ ನೋಡುವ ತೂತಿಗೆ ತೆಂಗಿನ ಚಿಪ್ಪು ಕೆತ್ತಿ ಒಂದು ಬೆಣೆ ಹೊಡೆದಿದ್ದರು. ಮುಂಚೆ ಒಂದು ಸಲ ಅವಸರದಲ್ಲಿ ಕೆಂಪು ತಂತಿಯನ್ನು ಅಲ್ಲೇ ಬಿಟ್ಟು ವೋಲ್ಟೇಜ್ ನೋಡಲು ಹೋಗಿ ಢಬ್ ಅನ್ನಿಸಿ ಫ್ಯೂಸು ಸುಟ್ಟುಕೊಂಡಿದ್ದರಂತೆ. ತಮ್ಮ ಅವಸರ ಅವರಿಗೆ ಗೊತ್ತಿತ್ತು.

ನಾನು ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟವನು. ಹೊನ್ನವಳ್ಳಿ ಸುತ್ತಿನ ತೋಟಗಳಲ್ಲಿ ಕೇಬಲ್ ಎಳೆಯೋದು, ಬೋರಿಗೆ ಮೋಟ್ರು ಇಳಿಸೋದು, ಎತ್ತೋದು ನನ್ನ ಕಸುಬು. ರಂಗಸ್ವಾಮಿ ಹಾಕಿದ ಜಾಯಿಂಟು ಬಿಚ್ಚಿಕೊಂಡಿತು ಅಂತ ಯಾರೂ ಅಂದಿದ್ದಿಲ್ಲ. ಅನ್ನಿಸಿಕೊಳ್ಳುವವನೂ ನಾನಲ್ಲ. ಆದ್ದರಿಂದಲೇ ಗಂಗಣ್ಣನ ತೋಟದಲ್ಲಿ ಆದದ್ದು ನನ್ನನ್ನು ಅಷ್ಟು ಸುಟ್ಟಿತು.

ಗಂಗಣ್ಣನ ಹಳೇ ಬೋರು ಬತ್ತಿದ ಮೇಲೆ ಅಲ್ಲಿಯ ಮೋಟ್ರು ಎತ್ತಿಟ್ಟಿದ್ದೆವು. ಅದಕ್ಕೆ ಹೋಗುವ ಕೇಬಲ್ಲು ಮಾತ್ರ ಮಣ್ಣೊಳಗೇ ಉಳಿದಿತ್ತು, ಎರಡು ತುದಿಯೂ ಬಿಚ್ಚಿದ್ದವು. ಪಕ್ಕದ ತೋಟದ ಸರೋಜಮ್ಮನ ಕೊಟ್ಟಿಗೆಗೆ ಹೋಗುವ ಲೈನೂ ಕೇಬಲ್ಲಿಗೆ ತೋಡಿದ ಅದೇ ಕಾಲುವೆಯಲ್ಲಿ, ಅದರ ಮಗ್ಗುಲಲ್ಲೇ ಇತ್ತು. ಇಬ್ಬರೂ ಒಪ್ಪಿ ಒಂದೇ ಸಲ ತೋಡಿಸಿದ್ದು, ಎರಡನ್ನೂ ಎಳೆದವನು ನಾನು. ಮಳೆ ಆಗಿ ಬೋರಿನಲ್ಲಿ ಮತ್ತೆ ನೀರು ಕಂಡಾಗ, ಮೋಟ್ರು ಇಳಿಸುವ ಮುಂಚೆ ಕೇಬಲ್ ಚೆನ್ನಾಗಿದೆಯಾ ನೋಡಿ ಅಂತ ಗಂಗಣ್ಣ ಸಾಬ್ರನ್ನು ಕರೆಸಿದ.

ಸಾಬ್ರು ಮೀಟರು ಇಟ್ಟರು, ಕಾದರು, ಕಪ್ಪು ಕಡ್ಡಿಯನ್ನು ಅರ್ಥಿಂಗ್ ತಂತಿಗೂ ಕೆಂಪನ್ನು ಆ ಸತ್ತ ತಂತಿಗೂ ಹಿಡಿದರು. ತೊಂಬತ್ತು ವೋಲ್ಟಿನ ಆಸುಪಾಸು ತೋರಿಸಿತು. ಯಾವುದಕ್ಕೂ ಸೇರಿಸದ ತಂತಿಯಲ್ಲಿ ತೊಂಬತ್ತು. ಸರೋಜಮ್ಮನ ಕೊಟ್ಟಿಗೆ ಲೈನಿನ ಮೇನ್ ಸ್ವಿಚ್ ಆಫ್ ಮಾಡಿಸಿದರು. ಸೊನ್ನೆಗೆ ಬಂತು. ಆನ್ ಮಾಡಿಸಿದರು, ಮತ್ತೆ ತೊಂಬತ್ತು. ಸುತ್ತ ಕಾಯಿ ಕೀಳಲು ಬಂದ ಆಳುಗಳು, ಅಕ್ಕಪಕ್ಕದ ತೋಟದವರು ನಿಂತಿದ್ದರು. ಸಾಬ್ರು ತಡಮಾಡದೆ, "ಮಣ್ಣಲ್ಲಿ ಎಲ್ಲೋ ಎರಡೂ ಕೂಡ್ಕಂಡವೆ" ಅಂದುಬಿಟ್ಟರು.

ಗಂಗಣ್ಣ ನನ್ನ ಕಡೆ ತಿರುಗಿದ. ತನ್ನ ಮೋಟ್ರು ಓಡುವಾಗ ಸರೋಜಮ್ಮನ ಕೊಟ್ಟಿಗೆಗೂ ಕರೆಂಟು ಹರಿಯಲಿ ಅಂತ ನಾನು ಕದ್ದು ಜಾಯಿಂಟು ಮಾಡಿದ್ದೇನೆ ಅಂದ. ಬೇಕಂತ ಮಾಡದಿದ್ದರೆ ಕೆಲಸವೇ ಬರೋದಿಲ್ಲ ಅಂದಹಾಗಾಯಿತು, ನಾಳೆ ಹಸು ಸತ್ತರೆ ಯಾರು ಹೊಣೆ ಅಂದ. ಎರಡರಲ್ಲಿ ಯಾವುದನ್ನು ಒಪ್ಪಿದರೂ ನಾನು ಕೆಟ್ಟೆ. ಕಾಲುವೆ ಅಗೆಸು, ಜಾಯಿಂಟು ತೋರಿಸು ಅಂದೆ. ಅದರ ಮೇಲೆ ಈಗ ಆಳೆತ್ತರದ ತೆಂಗಿನ ಸಸಿಗಳಿವೆ, ಅಗೆಯೋದಿಲ್ಲ ಅಂದ. ನಾನು ಸಾಬ್ರ ಮುಖ ನೋಡಿದೆ. ಅವರು ಮೀಟರನ್ನೇ ನೋಡುತ್ತಿದ್ದರು, ಕಾಲು ಕುಣಿಯುತ್ತಿತ್ತು.

ಆಮೇಲಿನ ದಿನಗಳನ್ನು ನೆನೆಸಿಕೊಂಡರೆ ಇವತ್ತಿಗೂ ಮೈ ಉರಿಯುತ್ತದೆ. ಸರೋಜಮ್ಮನ ಮನೆಮುಂದೆ ಗಂಗಣ್ಣ ಕೂಗಾಡಿ ಬಂದ. ನನಗೆ ಫೋನು ಬರೋದು ನಿಂತಿತು. ಕೆಲಸ ಒಪ್ಪಿಸಿದ್ದ ಇಬ್ಬರು ತೋಟದವರು "ಆಮೇಲೆ ಹೇಳ್ತೀವಿ ಬುಡು" ಅಂದರು. ನಾನು ಗಾಡಿ ತೆಗೆದುಕೊಂಡು ನಾನೇ ಎಳೆದ ಲೈನುಗಳನ್ನು ತೋಟ ತೋಟ ಸುತ್ತಿ ನೋಡಿ ಬರುತ್ತಿದ್ದೆ. ಯಾಕೆ ಅಂತ ನನಗೇ ಗೊತ್ತಿರಲಿಲ್ಲ. ಮನೆಯಲ್ಲಿ ಹೆಂಡತಿ, "ನೀವು ಹಾಕಿಲ್ಲ ಅಂದ್ಮೇಲೆ ಹಾಕಿಲ್ಲ, ಊಟ ಮಾಡ್ರೀ" ಅನ್ನುತ್ತಿದ್ದಳು. ಅವಳೊಬ್ಬಳು ನಂಬಿದರೆ ಏನಾಯಿತು, ಊರಿಗೆಲ್ಲ ಮೋಟ್ರು ಇಳಿಸುವವನು ನಾನು.

ಒಂದು ಬೆಳಿಗ್ಗೆ ಮನೆಮುಂದೆ ಸಾಬ್ರ ಮೊಪೆಡ್ಡು ನಿಂತಿತು. ಮುಂದೆ ಗೋಣಿಚೀಲ. ನಾನು ಬನ್ನಿ ಅನ್ನಲಿಲ್ಲ. ಅವರೂ ಇಳಿಯಲಿಲ್ಲ, ಇಂಜಿನ್ನೂ ಆಫ್ ಮಾಡಲಿಲ್ಲ.

"ತಪ್ಪು ನಂದು ಕಣ್ಲಾ ರಂಗ. ಹತ್ತು ಗಾಡಿ, ನಡಿ."

ಅವತ್ತಿನಿಂದ ಅವರಿಗೂ ನೆಮ್ಮದಿ ಇರಲಿಲ್ಲವಂತೆ. ನಿಜವಾಗಿ ಜಾಯಿಂಟು ಆಗಿದ್ದರೆ ಇನ್ನೂರ ಚಿಲ್ಲರೆ ತೋರಿಸಬೇಕಿತ್ತು, ತೊಂಬತ್ತು ಯಾಕೆ, ಅದೂ ಯಾಕೆ ಏರಿಳೀತಿತ್ತು ಅಂತ. ಕೊನೆಗೆ ಅಂಗಡಿಯಲ್ಲಿ ಎರಡು ಉದ್ದ ವೈರನ್ನು ಒಟ್ಟಿಗೆ ಸುತ್ತಿ, ಒಂದಕ್ಕೆ ಮಾತ್ರ ಕರೆಂಟು ಕೊಟ್ಟು, ಇನ್ನೊಂದಕ್ಕೆ ಮೀಟರು ಹಿಡಿದರಂತೆ. ಯಾವುದಕ್ಕೂ ತಾಗದ ಆ ಇನ್ನೊಂದು ವೈರಿನಲ್ಲೂ, ಬರೀ ಮಗ್ಗುಲಲ್ಲಿದ್ದದ್ದಕ್ಕೇ, ವೋಲ್ಟೇಜು. ಹಳೇ ಮುಳ್ಳಿನ ಮೀಟರು ಹಿಡಿದರೆ ಮುಳ್ಳು ಏಳಲೇ ಇಲ್ಲ.

ಮೊಪೆಡ್ಡಿನ ಹಿಂದೆ ಕೂತ ನನಗೆ ಗಾಳಿಯಲ್ಲೇ ಕೂಗಿ ಹೇಳಿದರು: "ಮುಳ್ಳಿನ ಮೀಟ್ರು ಒಂಚೂರು ಕರೆಂಟ್ ಕುಡಿದು ಹೇಳ್ತದೆ. ಇದಕ್ಕೆ ಹೊಟ್ಟೆನೇ ಇಲ್ಲ ಕಣ್ಲಾ. ಕುಡಿಯಂಗೇ ಇಲ್ಲ. ಪಕ್ಕದ ಮನೆ ಒಗ್ಗರಣೆ ವಾಸ್ನೆ ಬಂದ್ರೂ ಊಟ ಆಯ್ತು ಅಂತದೆ."

ಗಂಗಣ್ಣನ ತೋಟಕ್ಕೆ ಹೋದವರೇ, ಅವತ್ತು ಯಾರ್ಯಾರಿದ್ದರೋ ಅವರನ್ನೆಲ್ಲ ಕರೆಸು ಅಂದರು. ಸರೋಜಮ್ಮನನ್ನೂ ಕರೆಸಿದರು. ಗಂಗಣ್ಣ, ಆಗಿದ್ದಾಯ್ತು ಬುಡಿ ಸಾಬ್ರೇ, ಹೊಸ ಕೇಬಲ್ಲೇ ಹಾಕಿಸ್ತೀನಿ ಅಂದ. ಸಾಬ್ರು ಕೇಳಲಿಲ್ಲ. ಮೀಟರು ಸಿಕ್ಕಿಸಿ, ಅದು ಬಿಸಿಯಾಗುವವರೆಗೂ ಬದುವಿನ ಮೇಲೆ ಆ ತುದಿಯಿಂದ ಈ ತುದಿಗೆ ನಡೆದರು. ಜನ ಕಾಯಿ ಸುಲಿಯೋ ಮಾತು, ಕೊಬ್ಬರಿ ರೇಟು ಮಾತಾಡುತ್ತ ಕೂತರು. ಕಡ್ಡಿ ಹಿಡಿದಾಗ ಅದೇ ತೊಂಬತ್ತು ಬಂತು. ಗಂಗಣ್ಣನ ಮುಖದಲ್ಲಿ ನಗು ಬಂತು.

ಆಮೇಲೆ ಸಾಬ್ರು ಜೇಬಿನಿಂದ ಒಂದು ಸಾದಾ ಬುರುಡೆ ಬಲ್ಬು ತೆಗೆದರು, ಮನೆಯಲ್ಲಿ ಉರಿಸುತ್ತಿದ್ದೆವಲ್ಲ, ಆ ಹಳೇ ತರದ್ದು. ಕಡ್ಡಿಗಳನ್ನು ಹಾಗೇ ಇಟ್ಟು, ಅದೇ ತಂತಿಗೂ ಅರ್ಥಿಂಗಿಗೂ ಬಲ್ಬು ಸೇರಿಸಿದರು. ಕೂಡಿಕೊಂಡ ಲೈನಾಗಿದ್ದರೆ ಬಲ್ಬು ಹತ್ತಬೇಕು. ಹತ್ತಲಿಲ್ಲ. ಹಸಿರು ಅಂಕಿ ಸರಕ್ಕನೆ ಇಳಿಯಿತು. ಸಾಬ್ರು ಮೀಟರಿನ ಮುಖವನ್ನು ನನ್ನ ಕಡೆ ತಿರುಗಿಸಿದರು.

"ನೀನೇ ಓದು. ಎಲ್ರಿಗೂ ಕೇಳಂಗೆ."

"ಸೊನ್ನೆ" ಅಂದೆ. ಇನ್ನೊಂದು ಸಲ, ಜೋರಾಗಿ ಅಂದೆ.

ಸರೋಜಮ್ಮ ಸೆರಗು ಕೊಡವಿ ಎದ್ದವಳು ಗಂಗಣ್ಣನ ಕಡೆ ನೋಡದೆ ಹೋದಳು. ಅವರಿಬ್ಬರಿಗೂ ಮಾತು ಇವತ್ತಿಗೂ ಇಲ್ಲ. ಗಂಗಣ್ಣ ಮೋಟ್ರು ಯಾವತ್ತು ಇಳಿಸ್ತೀಯ ಅಂತ ನನ್ನನ್ನು ಕೇಳಿದ. ಅದು ಅವನ ಮಟ್ಟಿಗೆ ಕ್ಷಮೆ. ನನಗೆ ಸಾಕಾಗಿತ್ತು.

ಸಾಬ್ರಿಗೆ ಸಾಕಾಗಲಿಲ್ಲ. ಹೋದ ಊರಲ್ಲೆಲ್ಲ, ಯಾರ ಮೋಟ್ರು ಬಿಚ್ಚಲಿ, ಟೀ ಅಂಗಡಿಯಲ್ಲಿ ನಿಲ್ಲಲಿ, ಹೊನ್ನವಳ್ಳಿ ರಂಗಸ್ವಾಮಿ ಹಾಕಿದ ಕೇಬಲ್ಲು ಸರಿ ಇತ್ತು, ನಾನು ನೋಡಿದ್ದು ತಪ್ಪು ಅಂತ ಶುರುಮಾಡುತ್ತಿದ್ದರು. ಒಂದು ದಿನ ನಮ್ಮೂರ ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಗುರುತಿಲ್ಲದವನಿಗೆ ಹಾಗೆ ಹೇಳುತ್ತಿದ್ದಾಗ ನಾನೇ ಹೋಗಿ ತಡೆದೆ. ಜನ ಮರೆತಿದ್ದಾರೆ ಸಾಬ್ರೇ, ನೀವೇ ಊರೂರಿಗೆ ನೆನಪು ಮಾಡಿಕೊಡ್ತಿದೀರಿ ಅಂತ ರೇಗಿದೆ.

"ಅವತ್ತು ನಾನಂದ ಮಾತು ಎಲ್ಲೀತನಕ ಹೋಗೈತೆ, ಗೊತ್ತಾ ನಿಂಗೆ?" ಅಂದರು. ಇಲ್ಲ ಅಂದೆ. "ನಂಗೂ ಗೊತ್ತಿಲ್ಲ. ಅದಕ್ಕೇ."

ಅರ್ಧ ಲೋಟ ಟೀ ಅಲ್ಲೇ ಕಟ್ಟೆ ಮೇಲೆ ಬಿಟ್ಟು ಮೊಪೆಡ್ಡು ಹತ್ತಿದರು. ನಾನು ಅವರನ್ನು ನೋಡಿದ್ದು ಅದೇ ಕಡೇ ಸಲ. ಆ ಮಳೆಗಾಲದಲ್ಲೇ ಎದೆನೋವು ಬಂದು ಹೋಗಿಬಿಟ್ಟರು.

ಮಣ್ಣು ಮಾಡುವ ದಿನ ತಿಪಟೂರಿಗೆ ಹೋದೆ. ಅವರ ಮನೆಯ ಮುಂದೆ ಕುರ್ಚಿ ಹಾಕಿದ್ದರು, ಸುತ್ತಮುತ್ತಲ ತೋಟದವರು, ಮೆಕ್ಯಾನಿಕ್ಕುಗಳು ತುಂಬಿದ್ದರು. ನನ್ನ ಪಕ್ಕ ಕೂತಿದ್ದವನು ಬೋರನಕಣಿವೆ ಕಡೆಯವನು, ನಾನು ಒಂದು ದಿನವೂ ಕೆಲಸಕ್ಕೆ ಹೋಗದ ಕಡೆ. ಅವನ ಪಂಪಿನ ಪ್ಯಾನಲ್ಲು ಸಾಬ್ರೇ ನೋಡುತ್ತಿದ್ದರಂತೆ. ನಿಮ್ಮದು ಯಾವೂರು, ಏನು ಹೆಸರು ಅಂತ ಕೇಳಿದ. ಹೇಳಿದೆ.

"ಓ, ಕೇಬಲ್ ಸರಿ ಐತೆ ಅಂತಿದ್ರಲ್ಲ ಸಾಬ್ರು, ಆ ರಂಗಸ್ವಾಮಿನಾ ನೀವು?" ಅಂದ. ನನ್ನ ಕಡೆ ಬಾಗಿ, "ಅಲ್ಲ, ಯಾಕೆ ಹಂಗಂತಿದ್ರು ಅಂತ ನಂಗೆ ತಿಳೀಲೇ ಇಲ್ಲ ಕಣ್ರೀ. ಸರಿ ಇಲ್ಲ ಅಂತ ಯಾರಾದ್ರೂ ಅಂದಿದ್ರಾ?" ಅಂತ ಕೇಳಿದ.

ಒಳಗಿಂದ ಅವರನ್ನು ಎತ್ತಿಕೊಂಡು ಬರುತ್ತಿದ್ದರು. ಎಲ್ಲರೂ ಎದ್ದರು, ನಾನೂ ಎದ್ದೆ.

"ಯಾರೂ ಅಂದಿರಲಿಲ್ಲ" ಅಂದೆ.